ರೋಗವೂ ಶೀಲವೂ

ಮನೆಯಲ್ಲಿ ಯಾರಿಗಾದರೂ ಕಾಯಿಲೆ ಬಂದರೆ ನಾವು ಎರಡು ಪ್ರಶ್ನೆ ಕೇಳುತ್ತೇವೆ. ‘ಇದು ಹೇಗೆ ಬಂತು?’ ಎಂಬುದು ಒಂದು. ‘ಈಗ ಏನು ಮಾಡೋಣ?’ ಎಂಬುದು ಇನ್ನೊಂದು. ಎರಡೂ ಸಹಜವಾದ ಪ್ರಶ್ನೆಗಳೇ. ಮಳೆಯಲ್ಲಿ ನೆನೆದು ಬಂದ ಹುಡುಗನಿಗೆ ನೆಗಡಿಯಾದರೆ ಮೊದಲು ಬೈಗುಳ, ಆಮೇಲೆ ಮೆಣಸಿನ ಕಷಾಯ. ಬೈಗುಳದಿಂದ ಕಷಾಯಕ್ಕೆ ಬರಲು ತಾಯಿಗೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಆದ್ದರಿಂದ ಕೇಡೇನೂ ಆಗುವುದಿಲ್ಲ. ಆದರೆ ಕೆಲವು ರೋಗಗಳ ವಿಷಯದಲ್ಲಿ ಮೊದಲನೆಯ ಪ್ರಶ್ನೆಯೇ ದೊಡ್ಡದಾಗಿ ಬೆಳೆದು ಎರಡನೆಯದಕ್ಕೆ ಜಾಗವನ್ನೇ ಉಳಿಸುವುದಿಲ್ಲ. ಅಂಥ ರೋಗ ಬಂದವರು ಔಷಧ ಕೇಳುವುದಕ್ಕೆ ಮುಂಚೆ ತಮ್ಮ ನಡತೆಗೆ ಸಾಕ್ಷಿ ಒದಗಿಸಬೇಕಾಗುತ್ತದೆ.

ರೋಗಗಳಲ್ಲೂ ಮೇಲು ಕೀಳು ಮಾಡಿಕೊಂಡು ಬಂದವರು ನಾವು. ಸಿಡುಬನ್ನು ‘ಅಮ್ಮ’ ಎಂದು ಕರೆದೆವು. ಪ್ಲೇಗು ಬಂದಾಗ ಪ್ಲೇಗಿನಮ್ಮನಿಗೆ ಗುಡಿ ಕಟ್ಟಿದೆವು. ಮೈಮೇಲೆ ‘ಅಮ್ಮ’ ಎದ್ದವರನ್ನು ಯಾರೂ ಅಪರಾಧಿಗಳೆಂದು ಕಾಣಲಿಲ್ಲ. ಕುಷ್ಠ ಬಂದವನನ್ನು ಮಾತ್ರ ಊರ ಹೊರಗೆ ಕಳಿಸಿ, ಹಿಂದಿನ ಜನ್ಮದ ಪಾಪ ಎಂದು ಬಿಟ್ಟೆವು. ಕ್ಷಯ ತಗುಲಿದ ಮನೆಯವರು, ಮಗಳ ಮದುವೆಗೆ ಎಲ್ಲಿ ಅಡ್ಡಿಯಾಗುತ್ತದೋ ಎಂದು ಕೆಮ್ಮನ್ನು ನುಂಗಿಕೊಂಡರು. ಇವೆಲ್ಲವೂ ಕಣ್ಣಿಗೆ ಕಾಣದ ಅಣುಜೀವಿಗಳ ಕೆಲಸ. ತಾನು ಹೊಕ್ಕ ಮೈ ಪುಣ್ಯವಂತರದೋ ಪಾಪಿಗಳದೋ ಎಂಬ ಅರಿವು ಆ ಜೀವಿಗಿಲ್ಲ. ಒಂದಕ್ಕೆ ಗುಡಿ, ಇನ್ನೊಂದಕ್ಕೆ ಗಡೀಪಾರು ಎಂದು ತೀರ್ಮಾನಿಸಿದವರು ನಾವು.

ಈ ಮಾತನ್ನು ಎತ್ತಲು ಕಾರಣ ಗರ್ಭಕಂಠದ ಕ್ಯಾನ್ಸರ್. 2022ರ ಅಂದಾಜಿನಂತೆ ಆ ಒಂದು ವರ್ಷದಲ್ಲಿ ಭಾರತದ ಸುಮಾರು 1,27,000 ಹೆಂಗಸರಲ್ಲಿ ಈ ರೋಗ ಹೊಸದಾಗಿ ಕಾಣಿಸಿಕೊಂಡಿತು. ಸುಮಾರು 80,000 ಮಂದಿ ಅದರಿಂದ ತೀರಿಕೊಂಡರು. ಇದಕ್ಕೆ ಮೂಲ ಹ್ಯೂಮನ್ ಪ್ಯಾಪಿಲೋಮಾ ವೈರಸ್. ಚಿಕ್ಕದಾಗಿ ಎಚ್‌ಪಿವಿ ಎನ್ನುತ್ತಾರೆ. ಇದರಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಕೆಲವು ಕೈಕಾಲಿನ ಮೇಲೆ ನರಹುಲಿ ಎಬ್ಬಿಸಿ ಸುಮ್ಮನಾಗುತ್ತವೆ. ಸುಮಾರು 14 ಬಗೆಗಳು ಮಾತ್ರ ಕ್ಯಾನ್ಸರಿಗೆ ದಾರಿ ಮಾಡಬಲ್ಲವು. ಅವುಗಳಲ್ಲಿಯೂ 16 ಮತ್ತು 18 ಎಂಬ ಅಂಕಿ ಹೊತ್ತ ಎರಡೇ ಬಗೆಗಳು ಗರ್ಭಕಂಠದ ಕ್ಯಾನ್ಸರುಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟಕ್ಕೆ ಕಾರಣ. ಇವು ಹರಡುವುದು ಲೈಂಗಿಕ ಸಂಪರ್ಕದಿಂದ. ತೊಡಕು ಹುಟ್ಟುವುದು ಈ ಕಡೆಯ ವಾಕ್ಯದಲ್ಲಿ. ಇಷ್ಟು ಕೇಳಿದೊಡನೆ ಕೇಳುವವರ ಮುಖ ಬೇರೆಯಾಗುತ್ತದೆ. ವೈದ್ಯಶಾಸ್ತ್ರದ ಮಾತು ನಡತೆಯ ಮಾತಾಗಿಬಿಡುತ್ತದೆ.

ಈ ಗೊಂದಲ ಹಳೆಯದು. 1842ರಲ್ಲಿ ಇಟಲಿಯ ವೈದ್ಯ ರಿಗೋನಿ ಸ್ಟೆರ್ನ್ ವೆರೋನಾ ಪಟ್ಟಣದ ಸಾವಿನ ದಾಖಲೆಗಳನ್ನು ಪರಿಶೀಲಿಸಿ ಒಂದು ಲೆಕ್ಕ ಕೊಟ್ಟ. 1760ರಿಂದ 1839ರವರೆಗಿನ ದಾಖಲೆಗಳವು. ಗರ್ಭಕೋಶದ ಕ್ಯಾನ್ಸರಿನಿಂದ ಸತ್ತವರಲ್ಲಿ ಮದುವೆಯಾದವರೂ ವಿಧವೆಯರೂ ಹೆಚ್ಚು, ಕ್ರೈಸ್ತ ಸಂನ್ಯಾಸಿನಿಯರು ಕಡಿಮೆ ಎಂದು ಅದರಿಂದ ತಿಳಿಯಿತು. ‘ನೋಡಿ, ಬ್ರಹ್ಮಚರ್ಯಕ್ಕೆ ಸಿಕ್ಕ ಫಲ!’ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಆಧಾರ ಬೇಕೆ? ಆದರೆ ಅದೇ ಲೆಕ್ಕದಲ್ಲಿ ಇನ್ನೊಂದು ಸಂಗತಿಯೂ ಇತ್ತು. ಆ ಸಂನ್ಯಾಸಿನಿಯರಲ್ಲಿ ಸ್ತನದ ಕ್ಯಾನ್ಸರ್ ಉಳಿದವರಿಗಿಂತ ಹೆಚ್ಚು. ಒಂದು ರೋಗ ಬಾರದಿದ್ದುದು ಶೀಲಕ್ಕೆ ಸಂದ ಬಹುಮಾನವಾದರೆ ಇನ್ನೊಂದು ಬಂದದ್ದು ಶೀಲಕ್ಕೆ ಸಂದ ಶಿಕ್ಷೆಯೆನ್ನಬೇಕಾಗುತ್ತದೆ! ಎರಡೂ ಅಲ್ಲ. ವೈರಸ್ ತಗುಲುವ ಸಂದರ್ಭ ಅವರಿಗೆ ಇರಲಿಲ್ಲ, ಆದ್ದರಿಂದ ಒಂದು ಕಡಿಮೆ; ಹೆರಿಗೆಯೂ ಹಾಲೂಡುವುದೂ ಸ್ತನಕ್ಕೆ ಕೊಡುವ ರಕ್ಷಣೆ ಇರಲಿಲ್ಲ, ಆದ್ದರಿಂದ ಇನ್ನೊಂದು ಹೆಚ್ಚು. ಪ್ರಕೃತಿ ಅಲ್ಲಿ ಯಾರ ಗುಣವನ್ನೂ ತೂಗಲಿಲ್ಲ. ವೈರಸ್ಸನ್ನೇ ಕೈಗೆ ಹಿಡಿದು ತೋರಿಸಲು ಮತ್ತೆ ಸುಮಾರು 140 ವರ್ಷ ಬೇಕಾಯಿತು. ಜರ್ಮನಿಯ ಹರಾಲ್ಡ್ ತ್ಸುರ್ ಹೌಸನ್ ಮತ್ತು ಅವರ ಸಂಗಡಿಗರು 1983ರಲ್ಲಿ 16ನೆಯ ಬಗೆಯನ್ನೂ ಮರುವರ್ಷ 18ನೆಯದನ್ನೂ ಕ್ಯಾನ್ಸರಿನ ಅಂಗಾಂಶದಲ್ಲಿ ಗುರುತಿಸಿದರು. 2008ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು.

ಕೆಲವು ಕಾಲದ ಹಿಂದೆ ನಮ್ಮ ಕಾಲೇಜಿನ ವಿದ್ಯಾರ್ಥಿನಿಯರಿಗಾಗಿ ಈ ವಿಷಯದ ಮೇಲೆ ಒಬ್ಬ ವೈದ್ಯೆಯ ಭಾಷಣ ಏರ್ಪಟ್ಟಿತ್ತು. ಪ್ರಶ್ನೆಗಳನ್ನು ಹೆಸರು ಹಾಕದೆ ಚೀಟಿಯಲ್ಲಿ ಬರೆದು ಕೊಡಬಹುದೆಂದು ಹೇಳಿದ್ದರು. ಲಸಿಕೆಯ ಬೆಲೆಯೆಷ್ಟು, ನೋವಾಗುತ್ತದೆಯೆ ಎಂಬಂಥ ಚೀಟಿಗಳ ನಡುವೆ ಒಂದು ಹೀಗಿತ್ತು: ‘ನಮ್ಮ ಅಮ್ಮನಿಗೆ ಈ ವೈರಸ್ ಇದೆ ಎಂದು ಬಂದಿದೆ. ಅಪ್ಪ ಮಾತು ಬಿಟ್ಟಿದ್ದಾರೆ. ಅಮ್ಮ ತಪ್ಪು ಮಾಡಿದ್ದಾರೆ ಎಂದು ಅರ್ಥವೇ?’ ಸಭೆ ನಿಶ್ಶಬ್ದವಾಯಿತು. ವೈದ್ಯೆ ಕನ್ನಡಕ ತೆಗೆದು, ‘ಅಲ್ಲ’ ಎಂದರು. ತುಸು ತಡೆದು, ‘ಅಪ್ಪ ತಪ್ಪು ಮಾಡಿದ್ದಾರೆ ಎಂದೂ ಅರ್ಥವಲ್ಲ. ಅಮ್ಮನನ್ನು ಮುಂದಿನ ಪರೀಕ್ಷೆಗೆ ಕರೆದುಕೊಂಡು ಹೋಗಿ’ ಎಂದು ಸೇರಿಸಿದರು.

ಆ ಉತ್ತರ ಸಮಾಧಾನಕ್ಕಾಗಿ ಹೇಳಿದ ಮಾತಲ್ಲ, ಶಾಸ್ತ್ರದ ಮಾತು. ಲೈಂಗಿಕ ಜೀವನ ನಡೆಸುವ ಬಹುಪಾಲು ಗಂಡಸರಿಗೂ ಹೆಂಗಸರಿಗೂ ಒಂದಲ್ಲ ಒಂದು ಕಾಲದಲ್ಲಿ ಈ ವೈರಸ್ ತಗುಲುತ್ತದೆ. ಒಬ್ಬನೇ ಪತಿಯೊಂದಿಗೆ ಬಾಳಿದವಳಿಗೂ ತಗುಲಬಹುದು. ತಗುಲಿದ್ದು ತಿಳಿಯುವುದಿಲ್ಲ, ಜ್ವರವಿಲ್ಲ, ನೋವಿಲ್ಲ. ವರ್ಷಗಟ್ಟಲೆ ಅಡಗಿದ್ದು ನಡುವಯಸ್ಸಿನಲ್ಲಿ ಪರೀಕ್ಷೆಗೆ ಸಿಕ್ಕಬಹುದು. ವೈರಸ್ ಇದೆಯೆಂದು ಪರೀಕ್ಷೆ ಹೇಳಬಲ್ಲುದು. ಅದು ಎಂದು ಬಂತು, ಯಾರಿಂದ ಬಂತು ಎಂದು ಹೇಳಲಾರದು. ಸಂಗಾತಿಗಳು ಹೆಚ್ಚಿದಷ್ಟೂ ಸೋಂಕಿನ ಸಂಭವ ಹೆಚ್ಚು ಎಂಬುದು ನಿಜವೇ. ಆದರೆ ಸಂಭವ ಬೇರೆ, ಸಾಕ್ಷ್ಯ ಬೇರೆ. ಸಾವಿರ ಜನರ ಬಗ್ಗೆ ಹೇಳಬಹುದಾದ ಲೆಕ್ಕದ ಮಾತನ್ನು ಎದುರಿಗೆ ಕುಳಿತ ಒಬ್ಬಳ ಮೇಲೆ ತೀರ್ಪಾಗಿ ಹೊರಿಸುವುದು ತರ್ಕಕ್ಕೂ ಸಲ್ಲದು, ನ್ಯಾಯಕ್ಕೂ ಸಲ್ಲದು. ಆದರೂ ನಾವು ಹೊರಿಸುತ್ತೇವೆ. ಹೊರಿಸುವುದು ಹೆಣ್ಣಿನ ಮೇಲೆಯೇ. ಬಟ್ಟೆಯ ಮೇಲೆ ಮುಳ್ಳು ಬಿದ್ದರೂ ಮುಳ್ಳಿನ ಮೇಲೆ ಬಟ್ಟೆ ಬಿದ್ದರೂ ಹರಿಯುವುದು ಬಟ್ಟೆಯೇ ಎಂಬ ಗಾದೆಯನ್ನು ಕಟ್ಟಿದವರಿಗೆ ವೈರಸ್ಸಿನ ಸುದ್ದಿ ತಿಳಿದಿರಲಿಲ್ಲ. ಲೋಕದ ರೀತಿ ತಿಳಿದಿತ್ತು.

ಒಂದು ಪಕ್ಷ, ತಪ್ಪು ನಡೆದೇ ಇತ್ತು ಎಂದಿಟ್ಟುಕೊಳ್ಳೋಣ. ಆಗಲಾದರೂ ರೋಗ ತಕ್ಕ ಶಿಕ್ಷೆಯಾಗುತ್ತದೆಯೆ? ಕುಡಿದು ಗಾಡಿಯಿಂದ ಬಿದ್ದವನ ಕಾಲು ಮುರಿದರೆ ಅವನಿಗೆ ಬುದ್ಧಿ ಹೇಳುವವರು ಹೇಳಲಿ. ಮೂಳೆ ಕೂಡಿಸುವವನು ಕೂಡಿಸಲೇಬೇಕು. ಶಿಕ್ಷೆಗೆ ಒಂದು ವಿಚಾರಣೆ ಬೇಕು, ಒಂದು ಅಳತೆ ಬೇಕು, ಸಲ್ಲಬೇಕಾದವರಿಗೇ ಸಲ್ಲಬೇಕೆಂಬ ನಿಯಮ ಬೇಕು. ರೋಗದಲ್ಲಿ ಈ ಮೂರೂ ಇಲ್ಲ. ಅದನ್ನು ನ್ಯಾಯಪೀಠದ ಮೇಲೆ ಕೂರಿಸುವವರು ನ್ಯಾಯದ ಹೆಸರನ್ನೇ ಕೆಡಿಸುತ್ತಾರೆ.

ಇಷ್ಟು ಹೇಳಿದ ಮಾತ್ರಕ್ಕೆ ಇಲ್ಲಿ ಹೊಣೆಯೆಂಬುದೇ ಇಲ್ಲವೆಂದು ಆಗುವುದಿಲ್ಲ. ಈ ರೋಗಕ್ಕೆ ಒಂದು ವಿಶೇಷವಾದ ಕಾಲಕ್ರಮವಿದೆ. ತಗುಲಿದ ಸೋಂಕುಗಳಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ನಮ್ಮ ಮೈಯೇ ಎರಡು ವರ್ಷದೊಳಗೆ ಹತ್ತಿಕ್ಕುತ್ತದೆ. ಉಳಿದ ಕೆಲವರಲ್ಲಿ ಅದು ಬಿಡಾರ ಹೂಡಿಬಿಡುತ್ತದೆ. ಹೀಗೆ ನೆಲೆನಿಂತ ಸೋಂಕು ಗರ್ಭಕಂಠದ ಜೀವಕೋಶಗಳನ್ನು ಮೆಲ್ಲಮೆಲ್ಲನೆ ಕೆಡಿಸುತ್ತದೆ. ಕೆಟ್ಟ ಕೋಶಗಳು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಚಿಕಿತ್ಸೆಯಿಲ್ಲದ ಎಚ್ಐವಿ ಮೊದಲಾದ ಕಾರಣಗಳಿಂದ ಮೈಯ ರೋಗನಿರೋಧ ಶಕ್ತಿ ಕುಂದಿದ್ದರೆ ಈ ಅವಧಿ 5ರಿಂದ 10 ವರ್ಷಕ್ಕೆ ಇಳಿಯಬಹುದು. ಹೊಗೆಸೊಪ್ಪಿನ ಸೇದುವಿಕೆಯೂ ಸೋಂಕು ಬೇರು ಬಿಡಲು ನೆರವಾಗುತ್ತದೆ. ಅಂತೂ ಕಳ್ಳ ಮನೆ ಹೊಕ್ಕ ರಾತ್ರಿಗೂ ಕಳವಾದ ದಿನಕ್ಕೂ ನಡುವೆ ಹತ್ತಾರು ವರ್ಷಗಳ ಅಂತರವಿದೆ. ಇಷ್ಟು ಎಡೆ ಕೊಡುವ ಕ್ಯಾನ್ಸರ್ ಅಪರೂಪ. ಸೋಂಕು ತಗುಲಿದ ಗಳಿಗೆ ಯಾರ ಕೈಯಲ್ಲೂ ಇರಲಿಲ್ಲ. ಈ ವರ್ಷಗಳಾದರೋ ನಮ್ಮ ಕೈಯಲ್ಲಿವೆ. ನೀತಿಯ ಪ್ರಶ್ನೆ ಏಳಬೇಕಾದದ್ದು ಇಲ್ಲಿ. ನಾವು ಅದನ್ನು ತಪ್ಪು ಜಾಗದಲ್ಲಿ ಎಬ್ಬಿಸಿ, ಸರಿಯಾದ ಜಾಗದಲ್ಲಿ ನಿದ್ದೆ ಮಾಡುತ್ತಿದ್ದೇವೆ.

ಆ ವರ್ಷಗಳಲ್ಲಿ ಮಾಡಬೇಕಾದದ್ದೇನು? ವೈರಸ್ಸನ್ನೇ ಕೊಲ್ಲುವ ಔಷಧವಿಲ್ಲ. ಆದರೆ ಅದು ಕೆಡಿಸಿದ ಭಾಗವನ್ನು ಹುಡುಕಿ, ಕ್ಯಾನ್ಸರ್ ಆಗುವ ಮುನ್ನವೇ ತೆಗೆಯಬಹುದು. ಶೀತದಿಂದಲೋ ಶಾಖದಿಂದಲೋ ಸುಡಬಹುದು, ಇಲ್ಲವೇ ವಿದ್ಯುತ್ ತಂತಿಯ ಕುಣಿಕೆಯಿಂದ ಕತ್ತರಿಸಬಹುದು. ಪತ್ತೆಗೆ ಬೇರೆಬೇರೆ ದಾರಿಗಳಿವೆ. ಪಾಪನಿಕೊಲಾವ್ ಎಂಬ ವೈದ್ಯರ ಹೆಸರಿನ ಪ್ಯಾಪ್ ಪರೀಕ್ಷೆ ಒಂದು. ವಿನಿಗರಿನಲ್ಲಿರುವ ಆಮ್ಲವನ್ನೇ ತೆಳುವಾಗಿ ಸವರಿ, ಕೆಟ್ಟ ಭಾಗ ಬೆಳ್ಳಗಾಗುವುದನ್ನು ಕಣ್ಣಿನಿಂದಲೇ ನೋಡುವುದು ಇನ್ನೊಂದು. ವೈರಸ್ಸನ್ನೇ ಗುರುತಿಸುವ ಪರೀಕ್ಷೆ ಮೂರನೆಯದು. ಇದಕ್ಕೆ ಬೇಕಾದ ದ್ರವವನ್ನು ಹೆಂಗಸರು ತಾವೇ ತೆಗೆದುಕೊಡಬಹುದು. ಮೂವತ್ತು ದಾಟಿದವರು 5ರಿಂದ 10 ವರ್ಷಕ್ಕೊಮ್ಮೆ ಈ ಮೂರನೆಯದನ್ನು ಮಾಡಿಸಿಕೊಳ್ಳಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸಲಹೆ ಮಾಡಿತು. ಎಚ್ಐವಿ ಇರುವವರು 25ರಿಂದಲೇ, 3ರಿಂದ 5 ವರ್ಷಕ್ಕೊಮ್ಮೆ ಮಾಡಿಸಿಕೊಳ್ಳಬೇಕು. ವೈರಸ್ ಇದೆ ಎಂದು ಬಂದ ಮಾತ್ರಕ್ಕೆ ಕ್ಯಾನ್ಸರ್ ಎಂದಲ್ಲ. ಮುಂದಿನ ಪರೀಕ್ಷೆಯನ್ನು ತಪ್ಪಿಸಬಾರದು ಎಂದಷ್ಟೇ ಅರ್ಥ.

ಇವು ದೊಡ್ಡ ಆಸ್ಪತ್ರೆಗಳ ಯಂತ್ರಗಳಿಲ್ಲದೆ ಆಗುವ ಕೆಲಸವಲ್ಲ ಎಂದು ತೋರಬಹುದು. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಿಂದ ಅಲ್ಲಿನ ಕೊಳೆಗೇರಿಗಳಲ್ಲಿ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿನವರಿಗೆ, ಹತ್ತನೆಯ ತರಗತಿಯವರೆಗೆ ಓದಿ ತರಬೇತಿ ಪಡೆದ ಹೆಂಗಸರು ಎರಡೆರಡು ವರ್ಷಕ್ಕೊಮ್ಮೆ ಆ ಆಮ್ಲದ ಪರೀಕ್ಷೆ ಮಾಡಿದರು. ಆ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರಿನ ಸಾವು ನೂರಕ್ಕೆ 31ರಷ್ಟು ತಗ್ಗಿತೆಂದು 2013ರಲ್ಲಿ ವರದಿಯಾಯಿತು. ಮಹಾರಾಷ್ಟ್ರದ್ದೇ ಆದ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ ವೈರಸ್ ಪರೀಕ್ಷೆಯನ್ನು ಒಂದೇ ಒಂದು ಸಲ ಮಾಡಿದ್ದಕ್ಕೆ ಸಾವು ಸುಮಾರು ಅರ್ಧಕ್ಕೆ ಇಳಿದುದನ್ನು 2009ರಲ್ಲಿ ಪ್ರಕಟಿಸಿದರು. ಪರೀಕ್ಷೆಯಿಲ್ಲದ ಗುಂಪುಗಳಲ್ಲಿ ಹೆಂಗಸರು ಸತ್ತದ್ದರಿಂದ, ಇಂಥ ಹೋಲಿಕೆ ಧರ್ಮವೇ ಎಂಬ ಚರ್ಚೆಯೂ ಮುಂದೆ ನಡೆಯಿತು. ಆ ಚರ್ಚೆ ಹೇಗೇ ಮುಗಿಯಲಿ, ನಮ್ಮ ಕೈಗೆ ಬಂದಿರುವ ಈ ಅರಿವು ಬಿಟ್ಟಿ ಬಂದದ್ದಲ್ಲ. ನಮ್ಮ ನೆರೆಯ ಸೀಮೆಯ ಬಡ ಹೆಂಗಸರಿಂದ ಬಂದದ್ದು. ಆದರೂ 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಒಮ್ಮೆಯಾದರೂ ಈ ಪರೀಕ್ಷೆ ಮಾಡಿಸಿಕೊಂಡಿದ್ದವರು ನೂರಕ್ಕೆ ಇಬ್ಬರಿಗೂ ಕಡಿಮೆ.

ಸೋಂಕು ತಗುಲುವುದಕ್ಕೇ ಮುನ್ನ ತಡೆಯುವ ಲಸಿಕೆ 2006ರಿಂದ ಬಳಕೆಯಲ್ಲಿದೆ. ವೈರಸ್ಸಿನ ಹೊರಚಿಪ್ಪಿನ ಮಾದರಿಯಷ್ಟೇ ಅದರಲ್ಲಿರುವುದು. ಒಳಗಿನ ತಿರುಳಿಲ್ಲ, ಆದ್ದರಿಂದ ಅದರಿಂದ ಸೋಂಕು ಬಾರದು. ಪುಣೆಯಲ್ಲಿ ತಯಾರಾದ ನಮ್ಮ ದೇಶದ ಲಸಿಕೆಗೆ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಈಗಾಗಲೇ ಇರುವ ಸೋಂಕನ್ನು ಅದು ಓಡಿಸಲಾರದು. ಆದ್ದರಿಂದಲೇ 9ರಿಂದ 14 ವರ್ಷದ ಹುಡುಗಿಯರಿಗೆ ಕೊಡಬೇಕೆನ್ನುತ್ತಾರೆ. ಇಲ್ಲಿ ಹಿರಿಯರಿಂದ ಒಂದು ಆಕ್ಷೇಪ ಬರುತ್ತದೆ: ‘ಇಷ್ಟು ಚಿಕ್ಕ ಮಗುವಿಗೆ ಇಂಥ ಲಸಿಕೆಯೆ? ದಾರಿ ತಪ್ಪಲು ನಾವೇ ರಹದಾರಿ ಕೊಟ್ಟಂತಾಗುವುದಿಲ್ಲವೆ?’ ಆಕ್ಷೇಪದ ಹಿಂದಿರುವ ಅಳುಕನ್ನು ಹಗುರಾಗಿ ಕಾಣಬೇಕಾಗಿಲ್ಲ. ಆದರೆ ರೋಗದ ಹೆದರಿಕೆಯೊಂದರಿಂದಲೇ ನಿಂತಿರುವ ಶೀಲ ಎಷ್ಟು ದಿನ ನಿಂತೀತು? ಮಕ್ಕಳಲ್ಲಿ ನಾವು ಬಯಸುವ ನಡತೆ ಅವರ ತಿಳಿವಳಿಕೆಯಿಂದ ಹುಟ್ಟಬೇಕು. ಕ್ಯಾನ್ಸರನ್ನು ಕಾವಲಿಗಿಟ್ಟು ಬೆಳೆಸಿದ್ದು ಶೀಲವಲ್ಲ, ಬರಿಯ ದಿಗಿಲು. ಅಲ್ಲದೆ ಆ ಹುಡುಗಿ ನಾವು ಹರಸಿ ಕಳಿಸಿದ ಮದುವೆಯಲ್ಲೇ ಈ ವೈರಸ್ಸಿಗೆ ಎದುರಾಗಬಹುದು. ಧಾರೆ ಎರೆದವರಿಗೆ ಆಗ ಏನು ಉತ್ತರವಿದೆ? ಆಸ್ಟ್ರೇಲಿಯಾದಲ್ಲಿ 2013ರಿಂದ ಹುಡುಗರಿಗೂ ಈ ಲಸಿಕೆ ಹಾಕುತ್ತಿದ್ದಾರೆ. ವೈರಸ್ ಗಂಡಸರಲ್ಲೂ ಗಂಟಲು ಮೊದಲಾದ ಕಡೆ ಕ್ಯಾನ್ಸರ್ ತರಬಲ್ಲುದು, ಅವರಿಂದ ದಾಟಲೂ ಬಲ್ಲುದು. ಹೊರೆ ಇಬ್ಬರದೂ ಎಂದು ಒಪ್ಪಿಕೊಂಡ ಮೇಲೆ ರಹದಾರಿಯ ಮಾತು ತಾನಾಗಿ ಸಡಿಲವಾಗುತ್ತದೆ.

ಇದರ ಎದುರು ತುದಿಯಲ್ಲಿ ಇನ್ನೊಂದು ಅಪಾಯವಿದೆ. ಒಳ್ಳೆಯದನ್ನು ಮಾಡುವಾಗ ಕೇಳುವುದೇನಿದೆ ಎಂಬ ಧೋರಣೆ ಅದು. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿಯೂ ಗುಜರಾತಿನ ವಡೋದರಾದಲ್ಲಿಯೂ ಪ್ರಾಯೋಗಿಕ ಯೋಜನೆಯಾಗಿ ಸಾವಿರಾರು ಹುಡುಗಿಯರಿಗೆ ಈ ಲಸಿಕೆ ಹಾಕಿದರು. ಅವರಲ್ಲಿ ಏಳು ಹುಡುಗಿಯರು ತೀರಿಕೊಂಡರೆಂಬ ಸುದ್ದಿಯಿಂದ 2010ರ ಏಪ್ರಿಲ್‌ನಲ್ಲಿ ಯೋಜನೆಯನ್ನು ನಿಲ್ಲಿಸಲಾಯಿತು. ಆ ಸಾವುಗಳಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲವೆಂದು ವಿಚಾರಣೆಯಲ್ಲಿ ತಿಳಿಯಿತು. ಆದರೆ ಇನ್ನೊಂದು ಸಂಗತಿಯೂ ಹೊರಬಿತ್ತು: ಅನೇಕ ಒಪ್ಪಿಗೆ ಪತ್ರಗಳಿಗೆ ತಂದೆ ತಾಯಿಯರ ಬದಲು ಹಾಸ್ಟೆಲಿನ ವಾರ್ಡನ್ನರೂ ಮುಖ್ಯೋಪಾಧ್ಯಾಯರೂ ರುಜು ಹಾಕಿದ್ದರು. 2013ರಲ್ಲಿ ಸಂಸತ್ತಿನ ಸಮಿತಿ ಇದನ್ನು ಕಟುವಾಗಿ ಟೀಕಿಸಿತು. ಲಸಿಕೆ ಒಳ್ಳೆಯದೇ ಇತ್ತು. ಆದರೆ ಕೇಳದೆ ಕೊಟ್ಟ ಒಳ್ಳೆಯದು ಜನರ ನಂಬಿಕೆಯನ್ನು ಕಳೆದುಕೊಂಡಿತು. ಅಮೆರಿಕದ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಹೆಂಗಸಿನ ಕಥೆ ಇನ್ನೂ ಹಳೆಯದು. 1951ರಲ್ಲಿ, ತನ್ನ 31ನೆಯ ವಯಸ್ಸಿನಲ್ಲಿ, ಆಕೆ ಇದೇ ಕ್ಯಾನ್ಸರಿನಿಂದ ತೀರಿಕೊಂಡಳು. ಆಕೆಯನ್ನು ಕೇಳದೆ ತೆಗೆದ ಜೀವಕೋಶಗಳು ಪ್ರಯೋಗಶಾಲೆಗಳಲ್ಲಿ ಇಂದಿಗೂ ಬೆಳೆಯುತ್ತಿವೆ. 18ನೆಯ ಬಗೆಯ ವೈರಸ್ ಆ ಕೋಶಗಳಲ್ಲಿಯೂ ಇದ್ದುದು ಮುಂದೆ ತಿಳಿಯಿತು. ಲೋಕಕ್ಕೆ ಅವುಗಳಿಂದ ಆದ ಉಪಕಾರಕ್ಕೆ ಲೆಕ್ಕವಿಲ್ಲ. ಕೇಳಲಿಲ್ಲವೆಂಬ ಕೊರತೆಯೂ ಆ ಉಪಕಾರದ ಜೊತೆಗೇ ಉಳಿದಿದೆ.

ನಾಚಿಕೆ ಹೊರಿಸುವವರು, ಕೇಳದೆ ಉಪಕಾರ ಮಾಡುವವರು—ಇವರಿಬ್ಬರೂ ಒಬ್ಬರಿಗೊಬ್ಬರು ವಿರೋಧಿಗಳಂತೆ ಕಾಣುತ್ತಾರೆ. ಇಬ್ಬರಲ್ಲಿಯೂ ಒಂದು ಸಾಮ್ಯವಿದೆ: ಇಬ್ಬರೂ ಆ ಹೆಂಗಸಿನ ಬಗ್ಗೆ ಮಾತನಾಡುತ್ತಾರೆ, ಆಕೆಯೊಡನೆ ಮಾತನಾಡುವುದಿಲ್ಲ. ಒಬ್ಬರಿಗೆ ಆಕೆ ಮನೆತನದ ಮರ್ಯಾದೆ, ಇನ್ನೊಬ್ಬರಿಗೆ ಲೆಕ್ಕದ ಪುಸ್ತಕದ ಒಂದು ಅಂಕಿ. ಈ ರೋಗ ನಮ್ಮಿಂದ ಕೇಳುವ ಮೊದಲನೆಯ ನೀತಿ, ನನ್ನ ಮಟ್ಟಿಗೆ, ಎದುರು ಕುಳಿತು ಮಾತನಾಡುವುದು. ಹೀಗಿದೆ, ಹೀಗಾಗಬಹುದು, ಹೀಗೆ ತಡೆಯಬಹುದು, ನಿಮ್ಮ ಮನಸ್ಸಿನಲ್ಲೇನಿದೆ ಎಂದು ಕೇಳುವುದು. ಹದಿಮೂರರ ಹುಡುಗಿಗೂ ಅವಳ ವಯಸ್ಸಿಗೆ ತಕ್ಕ ಮಾತಿನಲ್ಲಿ ಇದನ್ನು ಹೇಳಬಹುದು. ನಲವತ್ತರ ತಾಯಿಗಂತೂ ಹೇಳಲೇಬೇಕು.

ಆ ತಾಯಿಯ ಕಡೆಯಿಂದಲೂ ಒಂದು ಮಾತು ಹೇಳಬೇಕಾಗಿದೆ. ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಗಂಡನ ರಕ್ತದೊತ್ತಡ ಎಷ್ಟು, ಅತ್ತೆಯ ಸಕ್ಕರೆ ಎಷ್ಟು, ಮಗನಿಗೆ ಯಾವ ಮಾತ್ರೆ ಒಗ್ಗದು ಎಂಬುದೆಲ್ಲ ಆಕೆಗೆ ಬಾಯಿಪಾಠ. ತನ್ನ ಪರೀಕ್ಷೆ ಎಂದರೆ ಮಾತ್ರ, ‘ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೇನೆ’ ಎನ್ನುತ್ತಾಳೆ. ಹಾಗೆಂದು ಆಕೆ ಸುಮ್ಮನಿದ್ದರೆ ನಾವು ಅದನ್ನು ತ್ಯಾಗವೆಂದು ಹೊಗಳಿ ನೆಮ್ಮದಿಯಿಂದಿರುತ್ತೇವೆ. ನಮ್ಮ ಅನುಕೂಲಕ್ಕೆ ಒದಗುವ ಗುಣಗಳನ್ನೆಲ್ಲ ಹೀಗೆ ಸದ್ಗುಣದ ಪಟ್ಟಿಗೆ ಸೇರಿಸುವ ಮೊದಲು ಸ್ವಲ್ಪ ಯೋಚಿಸಬೇಕು. ತನ್ನ ಮೈಯನ್ನು ಕಾಪಾಡಿಕೊಳ್ಳುವುದೂ ಧರ್ಮವೇ ಎಂದು ನಮ್ಮ ಹಿರಿಯರು ಗಂಡಸರಿಗೆ ಮಾತ್ರ ಹೇಳಿದ್ದಲ್ಲವಷ್ಟೆ. ಗಂಡಸಿನ ಪಾಲಿಗೂ ಇಲ್ಲಿ ಕೆಲಸವಿದೆ. ಕಾಂಡೋಮ್ ಸೋಂಕನ್ನು ಪೂರ್ತಿ ತಡೆಯದಿದ್ದರೂ ತಗ್ಗಿಸುತ್ತದೆ. ಸಿಗರೇಟು ಬಿಡುವುದು ತನಗೂ ಒಳ್ಳೆಯದು, ಮನೆಗೂ ಒಳ್ಳೆಯದು. ಎಲ್ಲಕ್ಕಿಂತ ಮಿಗಿಲಾಗಿ, ಆಸ್ಪತ್ರೆಯಿಂದ ಚೀಟಿ ಬಂದ ದಿನ ಅವನು ಮಾತು ಬಿಡಬಾರದು.

ಈ ರೋಗದಿಂದ ಬಿಡುಗಡೆ ಕನಸಲ್ಲ. ಸ್ಕಾಟ್ಲೆಂಡಿನಲ್ಲಿ 2008ರಿಂದ ಶಾಲಾ ಬಾಲಕಿಯರಿಗೆ ಲಸಿಕೆ ಹಾಕುತ್ತಿದ್ದಾರೆ. ಅಲ್ಲಿ 12–13ರ ಪ್ರಾಯದಲ್ಲಿ ಲಸಿಕೆ ಪೂರೈಸಿದವರಲ್ಲಿ ಒಬ್ಬರಿಗೂ ಗರ್ಭಕಂಠದ ಕ್ಯಾನ್ಸರ್ ಬಂದಿಲ್ಲವೆಂದು 2024ರಲ್ಲಿ ಪ್ರಕಟವಾಯಿತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಲೋಕದ ಮುಂದೆ ಮೂರು ಗುರಿಗಳನ್ನಿಟ್ಟಿತು. 2030ರ ಹೊತ್ತಿಗೆ ನೂರಕ್ಕೆ 90 ಹುಡುಗಿಯರಿಗೆ 15 ತುಂಬುವುದರೊಳಗೆ ಲಸಿಕೆ. ನೂರಕ್ಕೆ 70 ಹೆಂಗಸರಿಗೆ 35ರೊಳಗೆ ಒಮ್ಮೆ, 45ರೊಳಗೆ ಇನ್ನೊಮ್ಮೆ ಪರೀಕ್ಷೆ. ರೋಗದ ಸುಳಿವು ಸಿಕ್ಕಿದವರಲ್ಲಿ ನೂರಕ್ಕೆ 90 ಮಂದಿಗೆ ಚಿಕಿತ್ಸೆ. ಲಸಿಕೆ, ಪರೀಕ್ಷೆ, ಚಿಕಿತ್ಸೆ—ಇವನ್ನು ಸರಕಾರ, ವೈದ್ಯರು, ದಾನಿಗಳು ಒದಗಿಸಿಯಾರು. ಚೀಟಿ ಬರೆದ ಆ ಹುಡುಗಿಯ ಮನೆಯಲ್ಲಿ ನಿಂತುಹೋದ ಮಾತನ್ನು ಮತ್ತೆ ಆರಂಭಿಸುವ ಕೆಲಸಕ್ಕೆ ಯಾವ ಸಂಸ್ಥೆಯೂ ಗುರಿಯ ಅಂಕಿ ಇಟ್ಟಿಲ್ಲ. ಅದು ನಮ್ಮ ನಮ್ಮ ಮನೆಗಳಿಗೆ ಬಿಟ್ಟದ್ದು.